ಹಳ್ಳದ ದಂಡೆಯಲ್ಲಿ ಸಿಕ್ಕ ಮೀಟರುದ್ದದ ಕಾಯಿ ಯಾವ ಬಳ್ಳಿಯದು?

ಪಶ್ಚಿಮ ಘಟ್ಟದ ಕಾಡಿನಲ್ಲಿ, ಹಳ್ಳದ ಪಕ್ಕ ತೊಡೆ ದಪ್ಪದ ತಿರುಚಿದ ಬಳ್ಳಿ ಕಂಡಿತು, ಬುಡದಲ್ಲಿ ಮೀಟರಿಗಿಂತ ಉದ್ದದ ಕಾಯಿ ಬಿದ್ದಿತ್ತು, ಎಲೆ ಮಾತ್ರ ಕಾಣಲಿಲ್ಲ ಅಂತ ಕೇಳಿದ್ದೀರಿ. ಅಷ್ಟುದ್ದದ ಕಾಯಿ ಅಂದರೆ ಗಣಪೆಕಾಯಿ ಬಳ್ಳಿಯೇ. ಹಲ್ಲೆಕಾಯಿ ಅಂತಲೂ ಕರೆಯುತ್ತಾರೆ. ಸಸ್ಯಶಾಸ್ತ್ರದಲ್ಲಿ ಎಂಟಾಡಾ ರೀಡಿ. ನಮ್ಮ ಅವರೆಕಾಯಿಯ ಕುಟುಂಬದ್ದೇ, ಆದರೆ ಕಾಯಿ 2 ಮೀಟರ್‌ವರೆಗೂ ಬೆಳೆಯುತ್ತದೆ.

ಕಾಂಡ ನೋಡಿ ಹೆಸರು ಹೇಳಬೇಡಿ. ನಾನು ಒಮ್ಮೆ ಹಾಗೆ ಮಾಡಿ, ಬಸವನಪಾದದ ಜಾತಿಯ ಬಳ್ಳಿ ಅಂತ ಜೊತೆಯವರಿಗೆ ಜೋರಾಗಿ ಹೇಳಿದ್ದೆ. ಹತ್ತು ಹೆಜ್ಜೆ ಆಚೆ ಇದೇ ಕಾಯಿ ಬಿದ್ದಿತ್ತು! ಎರಡರ ಕಾಂಡವೂ ಹಗ್ಗದ ಹಾಗೆ ತಿರುಚಿಕೊಳ್ಳುತ್ತದೆ. ಎಲೆ, ಹೂವು ಎಲ್ಲ ಮರದ ನೆತ್ತಿಯಲ್ಲಿ, ಬಿಸಿಲಿರುವ ಕಡೆ. ಹಾಗಾಗಿ ನೆಲ ನೋಡಬೇಕು.

ಈ ಕಾಯಿ ಅವರೆಯಂತೆ ಸೀಳಿ ಬಿರಿಯುವುದಿಲ್ಲ. ಒಂದೊಂದು ಬೀಜಕ್ಕೆ ಒಂದೊಂದು ತುಂಡಾಗಿ ಕಳಚಿ ಬೀಳುತ್ತದೆ. ಅಂಚಿನ ನಾರು ಮಾತ್ರ ಖಾಲಿ ಚೌಕಟ್ಟಿನಂತೆ ಮೇಲೆ ನೇತಾಡುತ್ತಿರುತ್ತದೆ. ಬೀಜ ಕಂದು ಬಣ್ಣ, ಚಪ್ಪಟೆ, ನುಣುಪು, ಸುಮಾರು 5 ಸೆಂಟಿಮೀಟರ್ ಅಗಲ. ಉದುರಿದ ಎಲೆ ಸಿಕ್ಕರೆ ತುದಿ ನೋಡಿ: ಕವಲೊಡೆದ ಕುಡಿ ಇರುತ್ತದೆ, ಅದರಿಂದಲೇ ಬಳ್ಳಿ ಹಿಡಿದು ಹತ್ತುವುದು. ನಸುಗುನ್ನಿಯ ಬಳಗದ ಬಳ್ಳಿಗಳಲ್ಲಿ ಈ ಕುಡಿ ಇಲ್ಲ. ಅವುಗಳ ಎಲೆ ಮೂರು ದಳದ್ದು, ಕಾಯಿ ಮುಟ್ಟಿದರೆ ತುರಿಕೆ ಬೇರೆ.

ಹಳ್ಳದ ಪಕ್ಕವೇ ಯಾಕೆ ಸಿಕ್ಕಿತು ಅಂತೀರಾ? ತೇವ ಜಾಸ್ತಿ ಇರುವ ಮಳೆಕಾಡು, ಹೊಳೆದಂಡೆ ಇದಕ್ಕೆ ಇಷ್ಟದ ಜಾಗ. ಬೀಜದ ಎರಡು ಬೇಳೆಗಳ ನಡುವೆ ಗಾಳಿ ತುಂಬಿದ ಜಾಗವಿದೆ. ಅದಕ್ಕೇ ತೇಲುತ್ತದೆ. ಹಳ್ಳದಿಂದ ಹೊಳೆಗೆ, ಹೊಳೆಯಿಂದ ಕಡಲಿಗೆ ಹೋಗಿ ಎಲ್ಲೋ ದೂರದ ದಡ ಸೇರುತ್ತದೆ. ಆಫ್ರಿಕಾದಿಂದ ಆಸ್ಟ್ರೇಲಿಯಾದವರೆಗೆ ಈ ಬಳ್ಳಿ ಇರುವುದು ಸುಮ್ನೆ ಅಲ್ಲ. ಅಂದಹಾಗೆ ಹೆಸರಿನಲ್ಲಿರುವ 'ರೀಡಿ' ಅಂದರೆ, 1678ರಿಂದ 1693ರವರೆಗೆ ಹೊರಬಂದ ಮಲಬಾರಿನ ಗಿಡಮರಗಳ ಗ್ರಂಥ 'ಹೋರ್ಟಸ್ ಮಲಬಾರಿಕಸ್'ನ ಸಂಪುಟಗಳನ್ನು ಮಾಡಿಸಿದ ಡಚ್ ಅಧಿಕಾರಿ ವಾನ್ ರೀಡ್.

ಬೀಜ ನೀರಿನಲ್ಲಿ ಅರೆದರೆ ನೊರೆ ಬರುತ್ತದೆ, ಹಸಿಯಾಗಿ ತಿಂದರೆ ವಿಷ. ರುಚಿ ನೋಡಲು ಹೋಗಬೇಡಿ. ಮತ್ತೆ ಆ ಕಡೆ ಹೋದರೆ ತಲೆ ಎತ್ತಿ ಆ ಖಾಲಿ ಚೌಕಟ್ಟು ಹುಡುಕಿ, ಫೋಟೋ ಸಿಕ್ಕರೆ ಇಲ್ಲೇ ಹಾಕಿ.