ಸಣ್ಣ ಆರ್ಕಿಟೆಕ್ಟ್ ಕಚೇರಿಗೆ ಒಪ್ಪಂದ, ಶುಲ್ಕ, ಕಾನೂನಿನ ವಿಷಯದಲ್ಲಿ ಮಾರ್ಗದರ್ಶನ ಎಲ್ಲಿ ಸಿಗುತ್ತದೆ?

ಮೈಸೂರಿನಲ್ಲಿ ಸ್ವಂತ ಕಚೇರಿ ತೆರೆದಿರುವ ನಿಮಗೆ ಕೆಲಸಕ್ಕೆ ಕೊರತೆಯಿಲ್ಲ, ಆದರೆ ಶುಲ್ಕ ಸಕಾಲಕ್ಕೆ ಬರುತ್ತಿಲ್ಲ. ಒಪ್ಪಂದ, ತೆರಿಗೆಗಳ ವಿಷಯದಲ್ಲಿ ಕೇಳಲು ಯಾರೂ ಇಲ್ಲ. ಹಣ ಕೊಟ್ಟು ಬಿಸಿನೆಸ್ ಕೋಚ್ ಒಬ್ಬರ ತರಬೇತಿಗೆ ಸೇರಬಹುದೇ ಎಂದು ಕೇಳಿದ್ದೀರಿ. ಬೆಂಗಳೂರಿನಲ್ಲಿ ಇಂಥದೇ ಕಚೇರಿ ನಡೆಸುತ್ತಿರುವ ನನ್ನ ಅಭಿಪ್ರಾಯದಲ್ಲಿ, ಆ ಹಣ ಮೊದಲು ಸಲ್ಲಬೇಕಾದದ್ದು ನಿರ್ಮಾಣದ ವ್ಯಾಜ್ಯಗಳನ್ನು ನಡೆಸಿದ ವಕೀಲರೊಬ್ಬರಿಗೆ. ಅವರಿಂದ ಒಂದು ನೇಮಕಾತಿ ಪತ್ರದ, ಎಂದರೆ ಮನೆ ಕಟ್ಟಿಸುವ ಮಾಲೀಕರು ಆರ್ಕಿಟೆಕ್ಟರಿಗೆ ಕೆಲಸ ವಹಿಸುವ ಒಪ್ಪಂದದ, ಮಾದರಿಯನ್ನು ಬರೆಸಿಕೊಂಡರೆ ಅದು ವರ್ಷಗಟ್ಟಲೆ ಕೆಲಸಕ್ಕೆ ಬರುತ್ತದೆ.

ವಕೀಲರ ಬಳಿಗೆ ಬರಿಗೈಯಲ್ಲಿ ಹೋಗಬೇಕಿಲ್ಲ. 1972ರ ಆರ್ಕಿಟೆಕ್ಟ್ಸ್ ಕಾಯ್ದೆಯಡಿ ಸ್ಥಾಪನೆಯಾದ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್, ನೇಮಕಾತಿಯ ಷರತ್ತುಗಳನ್ನೂ ಶುಲ್ಕದ ಪ್ರಮಾಣವನ್ನೂ ಪ್ರಕಟಿಸಿದೆ. ಯಾವ ಹಂತದಲ್ಲಿ ಏನನ್ನು ಕೊಡಬೇಕು, ಆಗ ಶುಲ್ಕದ ಎಷ್ಟು ಪಾಲು ಸಲ್ಲಬೇಕು ಎಂಬುದು ಅದರಲ್ಲಿದೆ. ನಾವು ಅದನ್ನು ಕಾಲೇಜಿನ ಕೊನೆಯ ವರ್ಷ ಪರೀಕ್ಷೆಗಾಗಿ ಓದಿ ಮರೆತಿರುತ್ತೇವೆ. ಅದನ್ನೇ ಆಧಾರವಾಗಿಟ್ಟುಕೊಂಡು ನಿಮ್ಮ ಊರಿನ ಗ್ರಾಹಕರಿಗೆ ಹೊಂದುವಂತೆ ಕನ್ನಡದಲ್ಲಿಯೂ ಒಂದು ಪ್ರತಿ ಮಾಡಿಸಿ. ಓದಿ ಅರ್ಥಮಾಡಿಕೊಂಡು ಸಹಿ ಹಾಕಿದ ಮಾಲೀಕರು ಆಮೇಲೆ ತಕರಾರು ತೆಗೆಯುವುದು ಕಡಿಮೆ.

ಮನೆ ಕೆಲಸಗಳಲ್ಲಿ ಜಗಳ ಹುಟ್ಟುವ ಜಾಗಗಳು ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ. ಶುಲ್ಕ ಶೇಕಡಾವಾರು ಎಂದು ಬರೆದಿರುತ್ತೀರಿ, ಆದರೆ ಯಾವ ವೆಚ್ಚದ ಶೇಕಡಾ ಎಂದು ಬರೆದಿರುವುದಿಲ್ಲ. ಮಾಲೀಕರು ಮೊದಲ ದಿನ ಹೇಳಿದ ಬಜೆಟ್ಟಿನ ಮೇಲೆ ಲೆಕ್ಕ ಹಾಕುತ್ತಾರೆ, ನೀವು ಕಟ್ಟಿ ಮುಗಿದ ಮನೆಯ ಮೇಲೆ. ಪ್ಲಾನಿಗೆ ಒಪ್ಪಿಗೆ ಕೊಟ್ಟು, ಪಾಯ ತೋಡಿಸಿದ ಮೇಲೆ ವಾಸ್ತು ನೋಡುವವರೊಬ್ಬರನ್ನು ಕರೆತಂದು ಅಡುಗೆಮನೆಯನ್ನು ಆಗ್ನೇಯಕ್ಕೆ ಸರಿಸಿ ಎನ್ನುತ್ತಾರೆ. ಆಗ ಸ್ಟ್ರಕ್ಚರಲ್ ಡ್ರಾಯಿಂಗ್ ಸಹ ಬದಲಾಗಬೇಕು, ಅದರ ಖರ್ಚು ಯಾರದು? ಎಷ್ಟು ಬದಲಾವಣೆಗಳು ಶುಲ್ಕದೊಳಗೆ ಸೇರುತ್ತವೆ, ಸೈಟಿಗೆ ಎಷ್ಟು ಸಲ ಬರುತ್ತೀರಿ, ನಕ್ಷೆ ಮಂಜೂರಾತಿಗೆ ಪಾಲಿಕೆಯಲ್ಲಿ ಓಡಾಡುವುದು ನಿಮ್ಮ ಕೆಲಸವೇ ಅಲ್ಲವೇ, ಕೆಲಸ ನಡುವೆ ನಿಂತರೆ ಅಲ್ಲಿಯವರೆಗಿನ ಹಣವೆಷ್ಟು, ತಿದ್ದಬಹುದಾದ ಕ್ಯಾಡ್ ಫೈಲನ್ನು ಕೊಡುತ್ತೀರೋ ಅಥವಾ ಪಿಡಿಎಫ್ ಮಾತ್ರವೋ, ಇವಿಷ್ಟಕ್ಕೂ ಪತ್ರದಲ್ಲಿ ಉತ್ತರವಿರಲಿ. ಗೃಹಪ್ರವೇಶದ ನಂತರಕ್ಕೆ ದೊಡ್ಡ ಕಂತನ್ನು ಎಂದೂ ಉಳಿಸಿಕೊಳ್ಳಬೇಡಿ. ಅದು ಬಂದರೆ ಬಂತು ಎನ್ನುವಂಥ ಹಣ.

ಬಾಕಿ ಉಳಿದ ಶುಲ್ಕಕ್ಕೆ ಇನ್ನೊಂದು ಆಸರೆಯಿದೆ, ಬಹಳ ಜನ ಆರ್ಕಿಟೆಕ್ಟರು ಇದನ್ನು ಬಳಸುವುದೇ ಇಲ್ಲ. ಸೇವಾ ಉದ್ಯಮವಾಗಿ ಸರ್ಕಾರದ ಉದ್ಯಮ್ ಪೋರ್ಟಲಿನಲ್ಲಿ ನೋಂದಾಯಿಸಿಕೊಂಡರೆ, 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಕಾಯ್ದೆಯ ಪ್ರಕಾರ ಒಪ್ಪಂದದಲ್ಲಿ ಹಣ ಪಾವತಿಗೆ 45 ದಿನಗಳಿಗಿಂತ ಹೆಚ್ಚಿನ ಗಡುವು ಇಡುವಂತಿಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲುತ್ತದೆ, ದೂರನ್ನು ರಾಜ್ಯದ ಫೆಸಿಲಿಟೇಶನ್ ಕೌನ್ಸಿಲ್ ಮುಂದೆ ಒಯ್ಯಬಹುದು. ಕೆಲಸ ಒಪ್ಪಿಕೊಳ್ಳುವುದಕ್ಕೆ ಮೊದಲೇ ನೋಂದಣಿ ಆಗಿರುವುದು ಕ್ಷೇಮ. ನೋಂದಣಿಗೆ ಶುಲ್ಕವಿಲ್ಲ, ಮಾಡಿಸಿಕೊಡುತ್ತೇವೆಂದು ಹಣ ಕೇಳುವ ಖಾಸಗಿ ತಾಣಗಳಿವೆ, ಅವುಗಳ ಗೊಡವೆ ಬೇಡ. ಜಿಎಸ್‌ಟಿ, ಟಿಡಿಎಸ್‌ಗಳ ವಿಷಯವನ್ನು ಲೆಕ್ಕಪರಿಶೋಧಕರಿಗೆ ಬಿಟ್ಟುಬಿಡಿ.

ಇನ್ನು ಕೋಚ್ ವಿಷಯ. ಎಲ್ಲರೂ ಕೆಟ್ಟವರೆಂದು ನಾನು ಹೇಳುವುದಿಲ್ಲ, ಆದರೆ ಅವರಲ್ಲಿ ಬಹಳ ಮಂದಿ ಕಲಿಸುವುದು ಜಾಹೀರಾತು ಹಾಕಿ ಗ್ರಾಹಕರನ್ನು ಸೆಳೆಯುವ ವಿದ್ಯೆ. ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನ 1989ರ ವೃತ್ತಿ ನಡವಳಿಕೆ ನಿಯಮಗಳು ಜಾಹೀರಾತಿನ ವಿಷಯದಲ್ಲಿ ಬಿಗಿಯಾಗಿವೆ. ಬೇರೊಬ್ಬರ ಕೈಯಲ್ಲಿರುವ ಕೆಲಸವನ್ನು ಕಿತ್ತುಕೊಳ್ಳುವುದಕ್ಕೂ, ಕೆಲಸ ತಂದುಕೊಟ್ಟವರಿಗೆ ಕಮಿಷನ್ ಕೊಡುವುದಕ್ಕೂ ಅವು ಒಪ್ಪುವುದಿಲ್ಲ. ಆ ಕೌನ್ಸಿಲಿನ ನೋಂದಣಿ ಸಂಖ್ಯೆ ಇರುವುದು ನಿಮಗೆ, ಕೋಚ್‌ಗೆ ಅಲ್ಲ; ನಿಯಮ ಮುರಿದರೆ ಉತ್ತರ ಕೊಡಬೇಕಾದವರು ನೀವು. ಜಾಹೀರಾತು ಹಾಕಬೇಡಿ ಎಂದು ನಮಗೆ ಹೇಳುವ ಕೌನ್ಸಿಲ್, ನಕ್ಷೆ ಬರೆಯುವ ಪ್ರತಿಯೊಬ್ಬರನ್ನೂ ತಡೆಯಲಾರದು ಎಂಬುದೂ ನಿಜ: ಕಾಯ್ದೆ ಕಾಪಾಡುವುದು ‘ಆರ್ಕಿಟೆಕ್ಟ್’ ಎಂಬ ಹೆಸರನ್ನೇ ಹೊರತು ಆ ಕೆಲಸವನ್ನಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ.

ಉಚಿತವಾಗಿ ಸಿಗುವ ಒಳ್ಳೆಯ ಸಲಹೆ ಹಿರಿಯ ವೃತ್ತಿಬಾಂಧವರದ್ದು. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆರ್ಕಿಟೆಕ್ಟ್ಸ್‌ನ ಕರ್ನಾಟಕ ಶಾಖೆಯ ಸದಸ್ಯರಾಗಿ. ಅದರ ಸಭೆಗಳಲ್ಲಿ ಭಾಷಣಗಳಿಗಿಂತ ಆಮೇಲಿನ ಕಾಫಿಯ ಹೊತ್ತಿನಲ್ಲಿ ಹೆಚ್ಚು ಕಲಿಯಬಹುದು. ಬೇರೆ ಕಚೇರಿಯ ನೇಮಕಾತಿ ಪತ್ರವನ್ನು ಸಂಕೋಚವಿಲ್ಲದೆ ಕೇಳಿ, ಹೆಸರು ಅಳಿಸಿ ಕೊಡುವವರು ಇದ್ದಾರೆ.

ವೃತ್ತಿ ಹೊಣೆಗಾರಿಕೆಯ ವಿಮೆಯನ್ನೂ ವಿಚಾರಿಸಿ. ಆರ್ಕಿಟೆಕ್ಟ್ ಅಥವಾ ಎಂಜಿನಿಯರರ ದೃಢೀಕರಣವನ್ನು ನಂಬಿ ಮನೆಯ ನಕ್ಷೆಗೆ ಮಂಜೂರಾತಿ ಕೊಡುವ, ಬೆಂಗಳೂರಿನಲ್ಲಿ 2024ರಲ್ಲಿ ಬಂದ ‘ನಂಬಿಕೆ ನಕ್ಷೆ’ಯಂಥ ವ್ಯವಸ್ಥೆಗಳಲ್ಲಿ ನಮ್ಮ ಸಹಿಯ ಭಾರ ಹೆಚ್ಚಿದೆ. ಈ ವಿಮೆಗಳಲ್ಲಿ ಸಾಮಾನ್ಯವಾಗಿ ದಾವೆ ಬಂದ ದಿನ ಪಾಲಿಸಿ ಚಾಲ್ತಿಯಲ್ಲಿರಬೇಕು. ಮನೆ ಕಟ್ಟಿದ ವರ್ಷ ಇತ್ತು ಎಂದರೆ ಸಾಲದು.

ಪತ್ರವಿಲ್ಲದೆ ಈಗಾಗಲೇ ನಡೆಯುತ್ತಿರುವ ಕೆಲಸಗಳಿಗೆ ಹಳೆಯ ತಾರೀಖಿನ ಒಪ್ಪಂದ ಮಾಡಲು ಹೋಗಬೇಡಿ. ಈವರೆಗೆ ಕೊಟ್ಟ ಡ್ರಾಯಿಂಗ್‌ಗಳು, ಬಂದ ಹಣ, ಉಳಿದ ಹಂತಗಳು ಮತ್ತು ಅವುಗಳ ಶುಲ್ಕವನ್ನು ಒಂದು ಇ-ಮೇಲಿನಲ್ಲಿ ವಿನಯವಾಗಿ ಬರೆದು, ಒಪ್ಪಿಗೆಯೆಂದು ಮರುತ್ತರ ಕಳಿಸಲು ಮಾಲೀಕರನ್ನು ಕೇಳಿ, ಆ ಉತ್ತರ ಬಂದ ಮೇಲೆಯೇ ಮುಂದಿನ ಡ್ರಾಯಿಂಗ್ ಕೊಡಿ.