ಪ್ರಶ್ನೋತ್ತರ: ಖಗೋಳ ಸಂಶೋಧನೆಗೆ ಸರ್ಕಾರದ ಅನುದಾನ ಕೇಳುವಾಗ

ಪ್ರಶ್ನೆ: ಈಗಷ್ಟೇ ಅಧ್ಯಾಪಕ ಹುದ್ದೆಗೆ ಸೇರಿದ್ದೇನೆ. ಅನುದಾನಕ್ಕೆ ಅರ್ಜಿ ಕರೆದ ಮೇಲೆ ಮೊದಲು ಮಾಡಬೇಕಾದ್ದೇನು?

ಉತ್ತರ: ಬರೆಯಲು ಕೂರುವ ಮುಂಚೆ ಪ್ರಕಟಣೆಯನ್ನು ಮೊದಲಿಂದ ಕೊನೆಯವರೆಗೆ ಓದಿ. ಅರ್ಹತೆ, ಪುಟಮಿತಿ, ಅಕ್ಷರದ ಗಾತ್ರ, ಯಾವುದಕ್ಕೆ ಎಷ್ಟು ಮಹತ್ವ ಎಂಬುದೆಲ್ಲ ಅಲ್ಲೇ ಇರುತ್ತದೆ. ಪುಟಮಿತಿ ಮೀರಿದರೆ ಒಳಗಿನ ವಿಜ್ಞಾನ ನೋಡದೆಯೇ ಅರ್ಜಿ ವಾಪಸಾಗಬಹುದು. ಸಂಶೋಧನೆಗೆ ಅನುದಾನ ಕೊಡುವ ನಾಸಾದ ರೋಸಸ್ ಯೋಜನೆಯ ಕೆಲವು ವಿಭಾಗಗಳಲ್ಲಿ ಎರಡು ಹಂತಗಳಿವೆ. ಮೊದಲ ಹಂತ ತಪ್ಪಿಸಿಕೊಂಡವರಿಗೆ ಎರಡನೆಯದರಲ್ಲಿ ಜಾಗವಿಲ್ಲ. ಇನ್ನೊಂದು ಮಾತು: ಬಹಳ ಕಡೆ ಅರ್ಜಿ ಸಲ್ಲಿಸುವುದು ನೀವಲ್ಲ, ನಿಮ್ಮ ಸಂಸ್ಥೆ. ಬಜೆಟ್ ಪರಿಶೀಲನೆ, ಸಹಿ ಎಲ್ಲ ಆಗಬೇಕಾದ್ದರಿಂದ ಸಂಸ್ಥೆಯ ಕಚೇರಿ ಕೊಡುವ ಗಡುವು ಮುಂಚೆಯೇ ಬರುತ್ತದೆ. ವಿಷಯ ಆ ವಿಭಾಗಕ್ಕೆ ಹೊಂದುತ್ತದೋ ಇಲ್ಲವೋ ಎಂಬ ಅನುಮಾನವಿದ್ದರೆ ಅನುದಾನ ಕೊಡುವ ಸಂಸ್ಥೆಯಲ್ಲಿ ಆ ವಿಭಾಗ ನೋಡಿಕೊಳ್ಳುವ ಪ್ರೋಗ್ರಾಂ ಆಫೀಸರ್‌ಗೆ ಒಂದು ಪುಟದ ಸಾರಾಂಶ ಇಮೇಲ್ ಮಾಡಿ ಕೇಳಿ. ಸಂಕೋಚ ಬೇಡ, ಉತ್ತರಿಸುವುದು ಅವರ ಕೆಲಸ.

ಪ್ರಶ್ನೆ: ‘ಕ್ಷೀರಪಥದ ವಿಕಾಸ’ ಎಂಬ ನನ್ನ ಅರ್ಜಿಗೆ ವಿಮರ್ಶಕರು ‘ಗುರಿ ಸ್ಪಷ್ಟವಿಲ್ಲ’ ಎಂದು ಬರೆದಿದ್ದಾರೆ. ಇನ್ನೆಷ್ಟು ಸ್ಪಷ್ಟವಾಗಿ ಹೇಳಲಿ?

ಉತ್ತರ: ಅದು ವಿಷಯವಾಯಿತು, ಪ್ರಶ್ನೆಯಾಗಲಿಲ್ಲ. ಅನುದಾನದ ಅವಧಿ ಮುಗಿಯುವ ಹೊತ್ತಿಗೆ ‘ಹೌದು’, ‘ಅಲ್ಲ’ ಅಥವಾ ಒಂದು ಸಂಖ್ಯೆ ಉತ್ತರವಾಗಿ ಸಿಗಬೇಕು. ಉದಾಹರಣೆಗೆ, ಕ್ಷೀರಪಥದ ಹೊರವಲಯದಲ್ಲಿರುವ ಒಂದು ತಾರಾಗುಂಪು ಒಂದೇ ಕುಬ್ಜ ಗೆಲಾಕ್ಸಿಯ ಅವಶೇಷವೋ, ಎರಡರದ್ದೋ?

ಇಲ್ಲಿಂದ ಮುಂದೆ ಲೆಕ್ಕ ತೋರಿಸಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ತಾರೆಗಳ ಸ್ಥಾನ, ಚಲನೆ ಅಳೆದ ಗಾಯಾ ಬಾಹ್ಯಾಕಾಶ ದೂರದರ್ಶಕದ ಮೂರನೇ ದತ್ತಾಂಶ ಬಿಡುಗಡೆ 2022ರಲ್ಲಿ ಬಂತು, ಅದರಲ್ಲಿ ಸುಮಾರು 180 ಕೋಟಿ ಆಕರಗಳು, ಅಂದರೆ ತಾರೆಗಳಂಥ ಬೆಳಕಿನ ಮೂಲಗಳು, ಇವೆ. ಅಷ್ಟು ದೊಡ್ಡ ಸಂಖ್ಯೆಯನ್ನು ಅರ್ಜಿಯ ಮೊದಲ ಪುಟದಲ್ಲಿ ಹಾಕುವ ಆಸೆ ಸಹಜ. ಆದರೆ ಅದರಲ್ಲಿ ರೇಡಿಯಲ್ ವೆಲಾಸಿಟಿ, ಅಂದರೆ ನಮ್ಮ ಕಡೆಗೆ ಅಥವಾ ನಮ್ಮಿಂದ ಆಚೆಗೆ ಚಲಿಸುವ ವೇಗ, ಅಳೆದಿರುವುದು ಸುಮಾರು 3.3 ಕೋಟಿ ತಾರೆಗಳಿಗೆ ಮಾತ್ರ, ಅದೂ ಹೆಚ್ಚು ಪ್ರಕಾಶದವಕ್ಕೆ. ಹೊರವಲಯದ ದೂರದ ತಾರೆಗಳು ಮಂಕು. ದೂರದ ಅಳತೆಯಲ್ಲಿ ದೋಷ ಹೆಚ್ಚಿರುವವನ್ನು ತೆಗೆದು, ಕ್ಷೀರಪಥದ ಚಪ್ಪಟೆ ತಟ್ಟೆಯಂಥ ಭಾಗದ ತಾರೆಗಳನ್ನೂ ಸೋಸಿದ ಮೇಲೆ ಉಳಿಯುವುದು 400 ಎಂದಾದರೆ 400 ಎಂದೇ ಬರೆಯಿರಿ. ಆಮೇಲೆ 400 ಕೃತಕ ತಾರೆಗಳನ್ನು ಎರಡು ಮೂಲಗಳಿಂದ ಸೃಷ್ಟಿಸಿ, ನಿಜವಾದ ಅಳತೆಯಷ್ಟೇ ದೋಷ ಬೆರೆಸಿ, ನಿಮ್ಮ ವಿಧಾನ ಅವನ್ನು ಬೇರ್ಪಡಿಸುತ್ತದೆಯೇ ನೋಡಿ. ಆ ಒಂದು ಚಿತ್ರಕ್ಕೆ ಐದು ಪುಟದ ಪೀಠಿಕೆಗಿಂತ ಹೆಚ್ಚು ಬೆಲೆಯಿದೆ. ಬೇರ್ಪಡಿಸದಿದ್ದರೆ ಪ್ರಶ್ನೆಯನ್ನೇ ಬದಲಿಸಿ. ಆ ಸತ್ಯ ವಿಮರ್ಶಕರಿಗಿಂತ ಮೊದಲು ನಿಮಗೆ ಗೊತ್ತಾಗುವುದು ಒಳ್ಳೆಯದು.

ಇನ್ನೂ ಮಂಜೂರಾಗದ ದೂರದರ್ಶಕ ಸಮಯದ ಮೇಲೆ ಇಡೀ ಯೋಜನೆಯನ್ನು ನಿಲ್ಲಿಸಬೇಡಿ. ದೂರದರ್ಶಕ ಸಮಿತಿಯೂ ಒಪ್ಪಬೇಕು, ಅನುದಾನ ಸಮಿತಿಯೂ ಒಪ್ಪಬೇಕು ಎಂದಾದರೆ ಅಪಾಯ ಇಮ್ಮಡಿ. ಆರ್ಕೈವ್‌ನಲ್ಲಿರುವ ದತ್ತಾಂಶದಿಂದಲೇ ಮುಖ್ಯ ಉತ್ತರ ಸಿಗುವಂತೆ ಮಾಡಿ, ಹೊಸ ವೀಕ್ಷಣೆಯನ್ನು ಅದರ ಮೇಲೆ ಕಟ್ಟಿ.

ಪ್ರಶ್ನೆ: ಸಿಮ್ಯುಲೇಶನ್‌ಗೆ ಕಂಪ್ಯೂಟರ್ ಸಮಯ ಎಷ್ಟು ಕೇಳಬೇಕು?

ಉತ್ತರ: ಸಣ್ಣದೊಂದು ಓಟ ಓಡಿಸಿ ಅಳೆದ ಮೇಲೆ ಕೇಳಿ. 512 ಕೋರ್‌ಗಳು (ಪ್ರೊಸೆಸರ್‌ನೊಳಗಿನ ಲೆಕ್ಕ ಮಾಡುವ ಘಟಕಗಳು) 96 ಗಂಟೆ ಓಡಿದರೆ 49,152 ಕೋರ್-ಗಂಟೆ. ಸಮಾನ ಕೋಶಗಳ ಮೂರು ಆಯಾಮದ ಜಾಲದಲ್ಲಿ ರೆಸಲ್ಯೂಶನ್, ಅಂದರೆ ಜಾಲದ ಸೂಕ್ಷ್ಮತೆ, ಪ್ರತಿ ದಿಕ್ಕಿನಲ್ಲೂ ಎರಡು ಪಟ್ಟಾದರೆ ಕೋಶಗಳು 8 ಪಟ್ಟು. ಕಾಲದ ಹೆಜ್ಜೆಯೂ ಅರ್ಧಕ್ಕಿಳಿಯುವುದರಿಂದ ಕೆಲಸ ಸುಮಾರು 16 ಪಟ್ಟು, ಅಂದರೆ 7,86,432 ಕೋರ್-ಗಂಟೆ. 8 ಪಟ್ಟು ಎಂದು ಬರೆದ ಅರ್ಜಿಯಲ್ಲಿ ಅರ್ಧ ಕೆಲಸಕ್ಕಷ್ಟೇ ಸಮಯವಿರುತ್ತದೆ, ಪರಿಣಿತರು ಒಂದೇ ನೋಟಕ್ಕೆ ಅದನ್ನು ಹಿಡಿಯುತ್ತಾರೆ. ಮೆಮೊರಿ, ಡಿಸ್ಕ್ ಜಾಗವನ್ನೂ ಇದೇ ರೀತಿ ಲೆಕ್ಕಹಾಕಿ. ವಿಫಲವಾಗುವ ಓಟಗಳಿಗೂ ಒಂದು ಪಾಲು ಇಡಿ.

ಪ್ರಶ್ನೆ: ಬಜೆಟ್‌ನಲ್ಲಿ ಯಾವುದು ಮರೆತುಹೋಗುತ್ತದೆ?

ಉತ್ತರ: ಓವರ್‌ಹೆಡ್, ಅಂದರೆ ಆಡಳಿತ, ಕಟ್ಟಡದಂಥ ಖರ್ಚಿಗೆ ಸಂಸ್ಥೆ ತೆಗೆದುಕೊಳ್ಳುವ ಪಾಲು. ಸಂಸ್ಥೆಯ ದರ ಸಂಶೋಧನಾ ವೆಚ್ಚದ ಶೇ. 50 ಇದ್ದು, ಅನುದಾನದ ಮಿತಿ ಓವರ್‌ಹೆಡ್ ಸೇರಿ 100 ಎಂದಾದರೆ, ಸಂಶೋಧನೆಗೆ ಉಳಿಯುವುದು ಸುಮಾರು 67 ಮಾತ್ರ. ಉಪಕರಣಗಳಂಥ ಕೆಲವು ಬಾಬ್ತುಗಳಿಗೆ ಓವರ್‌ಹೆಡ್ ಹಾಕದ ನಿಯಮ ಹಲವು ಕಡೆ ಇದೆ, ವಿಚಾರಿಸಿ. ಪೋಸ್ಟ್‌ಡಾಕ್ (ಪಿಎಚ್‌ಡಿ ಮುಗಿಸಿದ ತಾತ್ಕಾಲಿಕ ಸಂಶೋಧಕ) ಮೊದಲ ದಿನವೇ ಬಂದು ಸೇರುವುದಿಲ್ಲ. ನೇಮಕಾತಿಗೆ ತಿಂಗಳುಗಳು ಹಿಡಿಯುತ್ತವೆ ಎಂಬುದು ವೇಳಾಪಟ್ಟಿಯಲ್ಲಿ ಕಾಣಲಿ.

ಪ್ರಶ್ನೆ: ಹೆಸರು ಮರೆಮಾಡಿ ಅರ್ಜಿ ಹಾಕಬೇಕಂತೆ. ಹಾಗಾದರೆ ನಮ್ಮ ಹಿಂದಿನ ಕೆಲಸ ಹೇಳುವುದು ಹೇಗೆ?

ಉತ್ತರ: 2018ರಲ್ಲಿ ಹಬಲ್ ದೂರದರ್ಶಕದ ಸಮಯ ಹಂಚಿಕೆಯಲ್ಲಿ ಈ ಪದ್ಧತಿ ಬಂತು. ಅರ್ಜಿದಾರರ ಹೆಸರು ವಿಮರ್ಶಕರಿಗೆ ಕಾಣಲಿಲ್ಲ. ಆ ಸುತ್ತಿನಲ್ಲಿ ಮಹಿಳೆಯರ ನೇತೃತ್ವದ ಅರ್ಜಿಗಳು ಶೇ. 8.7, ಪುರುಷರವು ಶೇ. 8.0 ಆಯ್ಕೆಯಾದವು, ಅದಕ್ಕೂ ಹಿಂದೆ ವರ್ಷವರ್ಷವೂ ಪುರುಷರದೇ ಮೇಲುಗೈ ಆಗಿತ್ತು. ನ್ಯಾಯ ಸಿಗುವ ದಾರಿ ಇದು, ಹಾಗಾಗಿ ಮನಸಾರೆ ಪಾಲಿಸಿ. ‘ನಾವು ಹಿಂದೆ ತೋರಿಸಿದಂತೆ’ ಎನ್ನುವ ಕಡೆ ‘ಉಲ್ಲೇಖ 12ರಲ್ಲಿ ತೋರಿಸಿರುವಂತೆ’ ಎನ್ನಿ. ಪ್ರಕಟವಾಗದ ನಿಮ್ಮದೇ ಕೋಡ್ ಇದ್ದರೆ ‘ತಂಡಕ್ಕೆ ಲಭ್ಯವಿರುವ ಕೋಡ್’ ಎಂದರೆ ಸಾಕು. ಫೈಲಿನ ಹೆಸರು, ಪಿಡಿಎಫ್‌ನ ಒಳವಿವರ, ಕೃತಜ್ಞತೆಯ ಸಾಲು, ಇವುಗಳಲ್ಲಿ ಹೆಸರು ಉಳಿದುಬಿಡುವುದು ಮಾಮೂಲು. ತಂಡದ ಅನುಭವವನ್ನು ನಾಸಾ ಪ್ರತ್ಯೇಕ ದಾಖಲೆಯಲ್ಲಿ ಕೇಳುತ್ತದೆ. ವಿಜ್ಞಾನದ ಮೌಲ್ಯಮಾಪನ ಮುಗಿದ ಮೇಲಷ್ಟೇ ಅದನ್ನು ತೆರೆಯುತ್ತಾರೆ.