ಒಂದೇ ಪ್ರಶ್ನೆಯ ಮುಂದೆ ನಡುಗುವ ಕೈ: ಜೀವಶಾಸ್ತ್ರದ ದೀರ್ಘ ಪ್ರಬಂಧ ಕುರಿತ ಒಂದು ಆಪ್ತಸಲಹೆ ಪ್ರಕರಣ

(ವ್ಯಕ್ತಿಯ ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಶಾಲೆಯ ಅಂತಿಮ ವರ್ಷದಲ್ಲಿದ್ದ ಈ ವಿದ್ಯಾರ್ಥಿನಿಯನ್ನು ಕರೆತಂದ ತಂದೆ ‘ಪರೀಕ್ಷೆ ಎಂದರೆ ಭಯ’ ಎಂದಷ್ಟೇ ಹೇಳಿದರು. ಆದರೆ ವಿಚಾರಿಸಿದಾಗ, ಒಂದೆರಡು ಅಂಕದ ಪ್ರಶ್ನೆಗಳಲ್ಲಿ ಆಕೆ ಎಡವುವುದು ಅಪರೂಪವೆಂದೂ, ಚಿತ್ರ ಬರೆದು ಭಾಗಗಳನ್ನು ಗುರುತಿಸುವುದರಲ್ಲಂತೂ ತರಗತಿಗೇ ಮುಂದೆಂದೂ ತಿಳಿಯಿತು. ಪತ್ರಿಕೆಯ ಕೊನೆಯಲ್ಲಿ ಬರುವ, ಯಾವುದೇ ಒಂದು ಅಧ್ಯಾಯಕ್ಕೆ ಸೇರದ ದೀರ್ಘ ಪ್ರಶ್ನೆಯ ಮುಂದೆ ಮಾತ್ರ ಕೈ ನಡುಗುತ್ತಿತ್ತು. ಭಯ ಹೀಗೆ ಒಂದೇ ಕಡೆ ಕಾಡುತ್ತಿದ್ದರೆ, ಅದರ ಹಿಂದೆ ಯಾರೂ ಹೇಳಿಕೊಡದೆ ಉಳಿದ ಒಂದು ಕೌಶಲ ಇರುವುದೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಉಸಿರಾಟದ ಅಭ್ಯಾಸದ ಮಾತನ್ನು ಬದಿಗಿಟ್ಟು, ಉತ್ತರಪತ್ರಿಕೆಯನ್ನೇ ತರಲು ಹೇಳಿದೆ.

‘ಜೀವಿಗಳಲ್ಲಿ ನೀರಿನ ಮಹತ್ವವನ್ನು ಕುರಿತು ಪ್ರಬಂಧ ಬರೆಯಿರಿ’ ಎಂಬುದು ಪ್ರಶ್ನೆ. ಆಕೆ ತುಂಬಿಸಿದ್ದ ನಾಲ್ಕು ಪುಟಗಳಲ್ಲಿ ಮೂರು ಮೂತ್ರಪಿಂಡಕ್ಕೇ ಮೀಸಲಾಗಿದ್ದವು: ರಕ್ತವನ್ನು ಸೋಸುವ ನೆಫ್ರಾನಿನ ಅಂದವಾದ ಚಿತ್ರ, ಅದರಲ್ಲಿನ ಹೆನ್ಲೆಯ ಕುಣಿಕೆ, ಮೂತ್ರದಲ್ಲಿ ನೀರು ಹೋಗುವುದನ್ನು ತಗ್ಗಿಸುವ ಎಡಿಎಚ್ ಹಾರ್ಮೋನಿನ ಕೆಲಸ. ಕೊನೆಯ ಪುಟದಲ್ಲಿ ಸಸ್ಯಗಳ ಬಗ್ಗೆ ಎರಡು ಸಾಲು, ಹೊಡೆದುಹಾಕಿದ ಒಂದು ವಾಕ್ಯ, ಆಮೇಲೆ ‘ಹೀಗೆ ನೀರು ಎಲ್ಲ ಜೀವಿಗಳಿಗೂ ಅತ್ಯಗತ್ಯ’ ಎಂಬ ಮುಕ್ತಾಯ. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ‘ವ್ಯಾಪ್ತಿ ಸಾಲದು’ ಎಂದಿತ್ತು. “ಇದರಲ್ಲಿ ಒಂದೂ ತಪ್ಪಿಲ್ಲ ಮೇಡಂ,” ಎಂದಳು. ನಿಜ, ತಪ್ಪಿರಲಿಲ್ಲ, ಆದರೆ ಬರೆದದ್ದು ಮೂತ್ರಪಿಂಡದ ಪ್ರಶ್ನೆಗೆ ಉತ್ತರವಾಗಿತ್ತು.

ಪ್ರಶ್ನೆ ಓದಿದೊಡನೆ ಏನಾಗುತ್ತದೆ ಎಂದು ಕೇಳಿದೆ. ಓದಿದ್ದೆಲ್ಲ ಒಮ್ಮೆಲೇ ನುಗ್ಗಿ ಬರುತ್ತದೆ, ಯಾವುದನ್ನು ಬಿಟ್ಟರೂ ಅಂಕ ಹೋದೀತು ಎನಿಸುತ್ತದೆ, ಕೊನೆಗೆ ಚೆನ್ನಾಗಿ ಬರುವ ಒಂದನ್ನು ಹಿಡಿದು ಬರೆಯತೊಡಗುತ್ತೇನೆ ಎಂದು ವಿವರಿಸಿದಳು. ತಂದೆ ಸೂಚಿಸಿದ್ದ ಪರಿಹಾರ ಇಡೀ ಪುಸ್ತಕವನ್ನು ಮತ್ತೊಮ್ಮೆ ಓದುವುದು. ಆರಿಸಲು ಬಾರದವರಿಗೆ ಸರಕನ್ನು ಹೆಚ್ಚಿಸಿದರೆ ಗೊಂದಲವೂ ಹೆಚ್ಚುತ್ತದೆ ಎಂದು ಅವರಿಗೆ ಪ್ರತ್ಯೇಕವಾಗಿ ತಿಳಿಸಬೇಕಾಯಿತು.

ಆಕೆಗೆ ಕೊಟ್ಟ ಮೊದಲ ಸಲಹೆ, ವಾಕ್ಯ ಬರೆಯುವ ಮುನ್ನ ಹಾಳೆಯ ಅಂಚಿನಲ್ಲಿ ಅಣು, ಜೀವಕೋಶ, ಅಂಗ, ಇಡೀ ಜೀವಿ, ಪರಿಸರ ಎಂದು ಬರೆದುಕೊಂಡು, ಪ್ರತಿಯೊಂದರ ಮುಂದೆ ಒಂದೆರಡು ವಿಷಯಗಳನ್ನು ಮಾತ್ರ ಗುರುತು ಹಾಕಿಕೊಳ್ಳುವುದು. ಅದೇ ನೀರಿನ ಪ್ರಶ್ನೆಯನ್ನು ಮತ್ತೆ ಕೊಟ್ಟೆ. ಅಣುವಿನ ಮುಂದೆ, ಜೀರ್ಣಕ್ರಿಯೆಯಲ್ಲಿ ಪಿಷ್ಟ ಮತ್ತು ಪ್ರೋಟೀನುಗಳ ಬಂಧಗಳನ್ನು ನೀರು ಸೇರಿ ಒಡೆಯುವುದನ್ನೂ, ದ್ಯುತಿಸಂಶ್ಲೇಷಣೆಯಲ್ಲಿ ನೀರು ವಿಭಜನೆಗೊಂಡು ಎಲೆಕ್ಟ್ರಾನುಗಳು ದೊರೆತು ಆಮ್ಲಜನಕ ಹೊರಬರುವುದನ್ನೂ ಬರೆದಳು. ಜೀವಕೋಶಕ್ಕೆ ಅಭಿಸರಣ (ಪೊರೆಯ ಮೂಲಕ ನೀರು ಒಳಹೊರಗೆ ಸರಿಯುವುದು), ಅಂಗಕ್ಕೆ ಕ್ಸೈಲಂ (ಸಸ್ಯದಲ್ಲಿ ನೀರು ಸಾಗಿಸುವ ನಾಳಗಳು) ಮತ್ತು ಮೂತ್ರಪಿಂಡ, ಇಡೀ ಜೀವಿಗೆ ಬೆವರು ಆವಿಯಾಗುವಾಗ ಮೈಯ ಶಾಖ ಹೊರಹೋಗುವುದು ಬಂದವು. ಪರಿಸರದ ಮುಂದೆ ಬಹಳ ಹೊತ್ತು ಯೋಚಿಸಿ, ನೀರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತಿ ಹೆಚ್ಚು ಸಾಂದ್ರವಾಗಿರುವುದರಿಂದ ಮಂಜುಗಡ್ಡೆ ತೇಲುತ್ತದೆಂದೂ, ಅದರಡಿಯ ನೀರಿನಲ್ಲಿ ಜಲಚರಗಳು ಚಳಿಗಾಲವನ್ನು ದಾಟುತ್ತವೆಂದೂ ಬರೆದಳು. ಇಲ್ಲೊಂದು ಸಣ್ಣ ತಿದ್ದುಪಡಿ ಬೇಕಾಯಿತು: ಗಡ್ಡೆ ತೇಲುವುದು ಅದರ ಸಾಂದ್ರತೆ ನೀರಿಗಿಂತ ಕಡಿಮೆಯಿರುವುದರಿಂದ, 4 ಡಿಗ್ರಿಯ ಸಂಗತಿ ವಿವರಿಸುವುದು ತಳದ ನೀರು ಹೆಪ್ಪುಗಟ್ಟದೆ ಉಳಿಯುವುದನ್ನು. ಮೂರು ಪುಟಗಳ ಮೂತ್ರಪಿಂಡಕ್ಕೆ ಈಗ ಒಂದು ಪ್ಯಾರಾದ ಜಾಗ ಸಿಕ್ಕಿತ್ತು. ಅದು ಆಕೆಗೆ ಸ್ವಲ್ಪ ನೋವನ್ನೂ ಕೊಟ್ಟಿತು.

ಎರಡನೆಯ ಸಲಹೆ ಹೆಚ್ಚು ಶ್ರಮದ್ದು. ‘ನೀರು ಕ್ಸೈಲಂ ಮೂಲಕ ಮೇಲೇರುತ್ತದೆ’ ಎಂದು ಬರೆದು ಆಕೆ ನಿಲ್ಲಿಸಿದ್ದಳು. “ಏರಿದರೆ ಜೀವಿಗೇನು ಲಾಭ? ಏರದಿದ್ದರೆ ಏನಾಗುತ್ತದೆ?” ಎಂದು ಕೇಳಿದೆ. ಆಗ ಆ ಪ್ಯಾರಾ ಹೀಗೆ ಬೆಳೆಯಿತು: ಎಲೆಯಿಂದ ನೀರು ಆವಿಯಾದಂತೆ, ಹೈಡ್ರೋಜನ್ ಬಂಧಗಳಿಂದ ಒಂದನ್ನೊಂದು ಹಿಡಿದುಕೊಂಡ ಅಣುಗಳ ಸಾಲು ಮೇಲಕ್ಕೆ ಸರಿಯುತ್ತದೆ, ಇದರಿಂದ ಹೃದಯದಂಥ ಅಂಗವಿಲ್ಲದೆಯೂ ಎತ್ತರದ ಮರದ ತುದಿಗೆ ನೀರೂ ಖನಿಜಗಳೂ ತಲುಪುತ್ತವೆ, ನಡುವೆ ಗಾಳಿಯ ಗುಳ್ಳೆ ಸೇರಿ ಸಾಲು ತುಂಡಾದರೆ ಆ ನಾಳದಲ್ಲಿ ಸಾಗಣೆ ನಿಲ್ಲುತ್ತದೆ. ಮಹತ್ವವನ್ನು ಕೇಳಿದ ಪ್ರಶ್ನೆಗೆ ಉತ್ತರ ಸಿಗುವುದು ಇಂಥ ಕೊನೆಯ ವಾಕ್ಯಗಳಲ್ಲಿ. ವ್ಯಾಪ್ತಿಯ ಹೆಸರಿನಲ್ಲಿ ‘ನೀರು ಒಳ್ಳೆಯ ದ್ರಾವಕ’ ಎಂಬಂಥ ಕೆಳ ತರಗತಿಯ ಸಾಲುಗಳನ್ನು ಪೋಣಿಸುವುದೂ ಅಷ್ಟೇ ಅಪಾಯಕಾರಿ ಎಂದು ಎಚ್ಚರಿಸಿದೆ. ಪೀಠಿಕೆಗೂ ಮುಕ್ತಾಯಕ್ಕೂ ಎರಡು ಮೂರು ಸಾಲು ಸಾಕು. ನಲವತ್ತು ನಿಮಿಷದ ಪ್ರಶ್ನೆಯಾದರೆ ಮೊದಲ ಐದು ನಿಮಿಷ ಯೋಜನೆಗೇ ಹೋಗಲಿ. ಪಕ್ಕದವರು ಆಗಲೇ ಬರೆಯತೊಡಗಿದರೂ ಆ ಐದು ನಿಮಿಷವನ್ನು ಬಿಟ್ಟುಕೊಡಬಾರದು.

ಮನೆಯಲ್ಲಿ ಪೂರ್ಣ ಪ್ರಬಂಧಗಳನ್ನು ಬರೆಯುವುದು ಬೇಡ, ಯೋಜನೆಗಳನ್ನು ಮಾತ್ರ ಬರೆ ಎಂದೆ: ಪೊರೆಗಳು, ಪ್ರೋಟೀನಿನ ಆಕಾರ, ಮೇಲ್ಮೈ ವಿಸ್ತೀರ್ಣ. ಮೂರನೆಯದರಲ್ಲಿ ಆಕೆ ತಾನಾಗಿಯೇ ಒಂದು ಲೆಕ್ಕ ಮಾಡಿ ತಂದಳು. ಬದಿ 1 ಸೆಂಟಿಮೀಟರ್ ಇರುವ ಘನದಲ್ಲಿ ಮೇಲ್ಮೈಗೂ ಗಾತ್ರಕ್ಕೂ ಇರುವ ಅನುಪಾತ 6:1. ಬದಿ 10 ಸೆಂಟಿಮೀಟರ್ ಆದರೆ 0.6:1. ದೊಡ್ಡ ಜೀವಿಗೆ ಹೊರಮೈಯೊಂದೇ ಸಾಲದು ಎಂಬ ಈ ಎಳೆ ಹಿಡಿದೊಡನೆ, ಬೇರೆ ಬೇರೆ ಅಧ್ಯಾಯಗಳಲ್ಲಿದ್ದ ಶ್ವಾಸಕೋಶದ ಗಾಳಿಗೂಡುಗಳು, ಸಣ್ಣ ಕರುಳಿನ ಒಳಗೋಡೆಯ ಬೆರಳಿನಂಥ ವಿಲ್ಲೈಗಳು, ಬೇರುರೋಮಗಳು ಒಟ್ಟಿಗೆ ಬಂದು ನಿಂತವು. ಎಲ್ಲವನ್ನೂ ಬರೆಯಬೇಕೆಂಬ ಆತಂಕ ಆ ಯೋಜನೆಯಲ್ಲಿ ಕಾಣಲಿಲ್ಲ.

ಮುಂದಿನ ಕ್ರಮವಾಗಿ, ವಿಷಯದ ಸರಿತಪ್ಪು ನೋಡುವುದು ನನ್ನ ಕೆಲಸವಲ್ಲದ ಕಾರಣ ಪ್ರತಿ ಯೋಜನೆಯನ್ನೂ ಜೀವಶಾಸ್ತ್ರದ ಶಿಕ್ಷಕರಿಗೆ ತೋರಿಸಬೇಕೆಂದು ಒಪ್ಪಿಕೊಂಡೆವು. ಮಗಳು ಎಷ್ಟು ಅಧ್ಯಾಯ ಮುಗಿಸಿದಳೆಂದು ದಿನವೂ ಕೇಳುವುದನ್ನು ತಂದೆ ನಿಲ್ಲಿಸಿದ್ದಾರೆ. ಯೋಜನೆ ಕೈಯಲ್ಲಿದ್ದೂ ಪರೀಕ್ಷೆಯಲ್ಲಿ ಕೈ ನಡುಗಿದರೆ ಆತಂಕಕ್ಕೆಂದೇ ಬೇರೆಯಾಗಿ ಭೇಟಿಯಾಗುವುದೆಂದು ನಿರ್ಧರಿಸಲಾಗಿದೆ.